ಜಾಕೆಟ್ ಇಲ್ದೆ ನಾನು ದೋಣಿ ಹತ್ತಲ್ಲ

1/9
(ಫೋಟೋ: ನಮ್ಮೂರ ಕೆರೆ ಏರಿ, ಸಂಜೆ ಆರು ಗಂಟೆ. ನೀರು ಹುಡುಕಬೇಡಿ.)

ಹಡಗಿನ ವಿಷಯ ಬರೀತೀನಿ ಅಂದ್ರೆ ನಗ್ತೀರ ಅಂತ ಗೊತ್ತು. ನಮ್ಮೂರ ಹೆಸರಲ್ಲಿ ತಾವರೆನೂ ಇದೆ, ಕೆರೆನೂ ಇದೆ. ಬೇಸಿಗೆಯಲ್ಲಿ ಬಂದು ನೋಡಿದ್ರೆ ಎರಡೂ ಕಾಣಲ್ಲ. ಶಿರಾದಿಂದ ಮಂಗಳೂರಿಗೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರ್ ಮೇಲಾಗುತ್ತೆ. ನಮ್ಮ ಕ್ಲಾಸಲ್ಲಿ ಅರ್ಧ ಜನ ಸಮುದ್ರ ನೋಡಿರೋದು ರೀಲ್ಸಲ್ಲೇ.

ಆದ್ರೆ ಮುಂದಿನ ತಿಂಗಳು ನಮ್ಮ ಟ್ರಿಪ್ ಇದೆ. ಮುರುಡೇಶ್ವರ, ಉಡುಪಿ, ಮಲ್ಪೆ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಕ್ಲಾಸ್ ಗ್ರೂಪಲ್ಲಿ ನಾನು ಒಂದೇ ಒಂದು ಮೆಸೇಜ್ ಹಾಕಿದ್ದೆ: "ಎಲ್ಲರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕೊಟ್ಟು, ಹಾಕಿಸಿದ ಮೇಲೇ ದೋಣಿ ಬಿಡ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳೋಣ." ಇಪ್ಪತ್ತೇಳು ನಗುಮುಖ ಬಂದವು. ಒಬ್ಬ "ಟೈಟಾನಿಕ್ ಆಂಟಿ" ಅಂತ ಹೆಸರಿಟ್ಟ. ಇನ್ನೊಬ್ಬಳು, ನನ್ನ ಪಕ್ಕದ ಬೆಂಚಿನವಳೇ, "ಹೋಗೋಕ್ ಮುಂಚೆನೇ ಅಪಶಕುನ ನುಡೀಬೇಡ ಕಣೇ" ಅಂದ್ಳು.

ಹೆಸರು ಚೆನ್ನಾಗಿದೆ, ಇಟ್ಕೊಂಡೆ. ಆದ್ರೆ ಗುರು, ಟೈಟಾನಿಕ್ ಕಥೆ ನಿನಗೆ ಅರ್ಧಾನೇ ಗೊತ್ತು. ಸಿನಿಮಾದಲ್ಲಿ ಇಲ್ಲದ ಮಿಕ್ಕರ್ಧ ಹೇಳ್ತೀನಿ. ಅದಕ್ಕೆ ಮುಂಚೆ, ನನಗ್ಯಾಕೆ ಈ ಹುಚ್ಚು ಹಿಡೀತು ಅನ್ನೋದನ್ನ ಹೇಳಬೇಕು. ಒಂದೊಂದೇ ಓದಿ. ಓದಿದ ಮೇಲೂ ನಗು ಬಂದ್ರೆ ಟ್ರಿಪ್ ದಿನ ಬಸ್ಸಲ್ಲಿ ನನ್ನ ಮುಂದೆ ಕೂತು ನಗಿ.

2/9
(ಫೋಟೋ: ಹೈಸ್ಕೂಲ್ ಟ್ರಿಪ್. ಬಲಗಡೆ ಮೂಲೆಯಲ್ಲಿ ಕಿತ್ತಳೆ ಬಣ್ಣದ ಗಂಟು ಕಾಣುತ್ತಲ್ಲ, ಅದೇ.)

ಹತ್ತನೇ ಕ್ಲಾಸಲ್ಲಿ ಒಂದು ಕಡೆ ದೋಣಿ ಹತ್ತಿದ್ವಿ. ಊರಿನ ಹೆಸರು, ದೋಣಿಯವರ ಹೆಸರು ಬೇಡ. ದೋಣಿ ಹಿಂದೆ ಒಂದು ಮೂಲೆಯಲ್ಲಿ ಲೈಫ್ ಜಾಕೆಟ್‌ಗಳನ್ನ ಹಗ್ಗ ಹಾಕಿ ಬಿಗಿದು ಕಟ್ಟಿದ್ರು, ಸಂತೆಗೆ ಹೊರಟ ಕೋಳಿ ಕಟ್ಟಿದ ಹಾಗೆ. ನಾನು ಕೇಳಿದ್ದಕ್ಕೆ ದೋಣಿಯವರು ಪಾಪ ಬೇಜಾರಿಲ್ಲದೆ ಒಂದನ್ನ ಎಳೆದು ಕೊಟ್ರು. ಕೆಟ್ಟ ಬೆವರು ವಾಸನೆ. ಸೊಂಟದ ಪಟ್ಟಿಯ ಕ್ಲಿಪ್ ಮುರಿದಿತ್ತು. ಹಾಕ್ಕೊಂಡು ಕೈ ಮೇಲೆತ್ತಿದ್ರೆ ಇಡೀ ಜಾಕೆಟ್ ಮೂಗಿನ ತನಕ ಬಂತು. ಎಲ್ಲರೂ ಅದರ ವಿಡಿಯೋ ಮಾಡಿದ್ರು, ನಾನೂ ನಕ್ಕೆ.

ಆಮೇಲೆ ಗೊತ್ತಾದದ್ದು: ನೀರಲ್ಲಿ ಬಿದ್ದಿದ್ರೂ ಹಂಗೇ ಆಗ್ತಿತ್ತು. ಜಾಕೆಟ್ ಮೇಲೆ ಹೋಗುತ್ತೆ, ನಾನು ಕೆಳಗೆ ಹೋಗ್ತೀನಿ.

ದೊಡ್ಡ ಹಡಗುಗಳ ನಿಯಮದಲ್ಲಿ ಲೈಫ್ ಜಾಕೆಟ್‌ಗೆ ಮೂರು ಸೈಜ್. ತೂಕ 15 ಕೆ.ಜಿ.ಗಿಂತ ಕಡಿಮೆ ಇದ್ರೆ ಶಿಶು, 15ರಿಂದ 43 ಕೆ.ಜಿ. ಒಳಗಿದ್ರೆ ಮಗು, 43 ಮತ್ತು ಅದಕ್ಕಿಂತ ಮೇಲೆ ದೊಡ್ಡವರು. ಎತ್ತರದ ಲೆಕ್ಕದಲ್ಲಿ ದೊಡ್ಡವರು ಅಂದ್ರೆ 155 ಸೆಂಟಿಮೀಟರ್‌ನಿಂದ ಮೇಲೆ. ನನ್ನ ತೂಕ ಈಗ 41, ಎತ್ತರ ಐದಡಿ. ವೋಟರ್ ಐಡಿ ಬಂದಿದೆ, ಡಿಗ್ರಿ ಎರಡನೇ ವರ್ಷ, ಆದ್ರೆ ಹಡಗಿನ ಲೆಕ್ಕದಲ್ಲಿ ನಾನು ಮಗು. ನಗಬೇಡಿ, ನಮ್ಮ ಕ್ಲಾಸಲ್ಲಿ ನನ್ನಂಥವರು ಇನ್ನೂ ನಾಲ್ಕೈದು ಜನ ಇದೀರ. "ಬೆಳಗ್ಗೆ ತಿಂಡಿ ತಿನ್ನಲ್ಲ" ಗ್ಯಾಂಗು, ನಿಮಗೇ ಹೇಳ್ತಿರೋದು.

3/9
(ಫೋಟೋ: ಟೈಟಾನಿಕ್, 1912. ಹಳೇ ಕಪ್ಪು ಬಿಳುಪು ಚಿತ್ರ.)

ಸರಿ, ಆ ಮಿಕ್ಕರ್ಧ.

ಆ ಹಡಗಲ್ಲಿ ಸುಮಾರು 2,200 ಜನ ಇದ್ರು. ಲೈಫ್ ಬೋಟ್‌ಗಳಲ್ಲಿ ಜಾಗ ಇದ್ದದ್ದು 1,178 ಜನಕ್ಕೆ. "ದುಡ್ಡು ಉಳಿಸೋಕೆ ಕಾನೂನು ಮುರಿದ್ರು" ಅಂತ ನಾವೆಲ್ಲ ಅಂದ್ಕೊಂಡಿದೀವಿ. ಇಲ್ಲ, ಟೈಟಾನಿಕ್ ಕಾನೂನು ಮುರಿದಿರಲಿಲ್ಲ! ಆಗಿನ ಬ್ರಿಟಿಷ್ ನಿಯಮ ಬೋಟ್‌ಗಳನ್ನ ಲೆಕ್ಕ ಹಾಕ್ತಿದ್ದದ್ದು ಹಡಗಿನ ಟನ್ ಮೇಲೆ, ತಲೆ ಎಣಿಸಿ ಅಲ್ಲ. ಹತ್ತು ಸಾವಿರ ಟನ್ ಮೇಲಿದ್ರೆ ಕನಿಷ್ಠ 16 ಬೋಟ್, ಅಷ್ಟೇ. ಟೈಟಾನಿಕ್ ಇದ್ದದ್ದು 46 ಸಾವಿರ ಟನ್, ಬೋಟ್ ಇದ್ದದ್ದು 20. ಕಾಗದದ ಪ್ರಕಾರ ನಾಲ್ಕು ಹೆಚ್ಚೇ. ಸತ್ತವರು ಸುಮಾರು 1,500.

ಅದಾದ ಮೇಲೆ 1914ರಲ್ಲಿ ಲಂಡನ್ನಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿದ್ವು, ಸಮುದ್ರದಲ್ಲಿ ಜೀವ ಉಳಿಸೋದಕ್ಕೆ ಅಂತಲೇ. ಈಗ ಚಾಲ್ತಿಯಲ್ಲಿರೋದು ಅದರ 1974ರ ರೂಪ. ಎಲ್ಲರೂ "ಸೋಲಾಸ್" ಅಂತಾರೆ. ಭಾರತವೂ ಒಪ್ಪಿದೆ. ಹಡಗಲ್ಲಿ ಎಷ್ಟು ಬೋಟ್ ಇರಬೇಕು, ಜಾಕೆಟ್ ಹೆಂಗಿರಬೇಕು, ಏಣಿ ಹೆಂಗಿರಬೇಕು, ದೀಪ ಹೆಂಗಿರಬೇಕು, ಎಲ್ಲ ಅದರಲ್ಲಿದೆ.

ನಾನು ಅದನ್ನ ಓದೋಕೆ ಹೋಗಿ ಮೊದಲ ದಿನ ನಿದ್ದೆ ಮಾಡಿದೆ, ಸುಳ್ಳು ಯಾಕೆ. ಎರಡನೇ ದಿನ ಹಿಡಿದು ಕೂರಿಸಿದ್ದು ಅದರಲ್ಲಿನ ಅಳತೆಗಳು. ಲೈಫ್ ಜಾಕೆಟ್ ಹಾಕಿದ ಮನುಷ್ಯ ಪ್ರಜ್ಞೆ ತಪ್ಪಿ ಬೋರಲು ಬಿದ್ದಿದ್ರೂ, ಅವನ ಬಾಯಿ ನೀರಿನಿಂದ ಮೇಲೆ ಬರೋ ಹಾಗೆ ಅದು ತಿರುಗಿಸಬೇಕು ಅಂತ ಇದೆ. ಜಾಕೆಟ್‌ಗೆ ಒಂದು ವಿಷಲ್ ಕಟ್ಟಿರಬೇಕು. ಒಂದು ಪುಟ್ಟ ದೀಪ ಇರಬೇಕು, ಅದು 8 ಗಂಟೆ ಉರೀಬೇಕು. ಅದರ ಬಗ್ಗೆ ಏನೂ ಗೊತ್ತಿಲ್ಲದವರಲ್ಲೂ ನೂರಕ್ಕೆ 75 ಜನ ಯಾರ ಸಹಾಯ ಇಲ್ದೆ ಒಂದು ನಿಮಿಷದಲ್ಲಿ ಸರಿಯಾಗಿ ಹಾಕ್ಕೊಳ್ಳೋ ಹಾಗಿರಬೇಕು. ಇದನ್ನ ಬರೆದವರ ಕಣ್ಮುಂದೆ ಯಾರಿದ್ರು ಗೊತ್ತಾ? ನಾವೇ. ಯಾವತ್ತೂ ಸಮುದ್ರ ನೋಡದೆ, ಕೈ ನಡುಗ್ತಾ ಕ್ಲಿಪ್ ಹುಡುಕೋರು.

4/9
(ಫೋಟೋ: ಭಾವ ಕಳಿಸಿದ್ದು. ಹಡಗಿನ ಪಕ್ಕದಲ್ಲಿ ಇಳಿಬಿಟ್ಟ ನೂಲೇಣಿ. ಕೆಳಗೆ ಚುಕ್ಕಿ ಹಾಗೆ ಕಾಣ್ತಿರೋದು ಬೋಟು.)

ನಮ್ಮ ಸೋದರತ್ತೆ ಮಗ ಒಬ್ಬ ಸರಕು ಹಡಗಲ್ಲಿ ಕೆಲಸಕ್ಕಿದಾನೆ. ಬುಕ್ಕಾಪಟ್ಟಣದ ಕಡೆಯ ಹುಡುಗ, ಕುರಿ ಕಾಯ್ತಾ ಬೆಳೆದವನು. ಆರು ತಿಂಗಳ ತರಬೇತಿ ಮುಗಿಸಿ ಡೆಕ್ ಮೇಲೆ ಕೆಲಸ. ಅವನು ಫೋನಲ್ಲಿ ಹೇಳಿದ ಒಂದು ಪ್ರಸಂಗದಿಂದಲೇ ನನ್ನ ತಲೆಯಲ್ಲಿ ಇದೆಲ್ಲ ಶುರುವಾದದ್ದು.

ಹಡಗು ಬಂದರಿಗೆ ಬಂದಾಗ ಕ್ಯಾಪ್ಟನ್ ತಾನೇ ನೇರ ಒಳಗೆ ತರಲ್ಲ. ಆ ಬಂದರಿನ ಆಳ, ಸೆಳೆತ, ತಿರುವು ಎಲ್ಲ ಬಲ್ಲ ಪೈಲಟ್ ಒಬ್ಬರು ಬರ್ತಾರೆ. ವಿಮಾನದವರಲ್ಲ, ಬಂದರಿನ ಪೈಲಟ್. ಪಣಂಬೂರಲ್ಲಿರೋ ನವ ಮಂಗಳೂರು ಬಂದರಿಗೆ, 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಯ್ತಲ್ಲ ಅದಕ್ಕೆ, ಬರೋ ದೊಡ್ಡ ಹಡಗುಗಳಿಗೂ ಹೀಗೇ. ಪೈಲಟ್ ಸಣ್ಣ ಬೋಟಲ್ಲಿ ಹಡಗಿನ ಪಕ್ಕಕ್ಕೆ ಬಂದು, ಎರಡೂ ಓಡ್ತಾ ಇರುವಾಗಲೇ, ಬೋಟ್ ಅಲೆ ಮೇಲೆ ಎದ್ದ ಕ್ಷಣ ನೋಡಿ ನೂಲೇಣಿ ಹಿಡಿದು ಹತ್ತಬೇಕು. ಮಳೆ ಇರಲಿ, ಮಧ್ಯರಾತ್ರಿ ಇರಲಿ. ಕೈ ಜಾರಿದ್ರೆ ಒಂದು ಕಡೆ ಹಡಗು, ಇನ್ನೊಂದು ಕಡೆ ಬೋಟು, ಮಧ್ಯೆ ನೀರು. ಹಂಗೆ ಬಿದ್ದು ಸತ್ತ ಪೈಲಟ್‌ಗಳು ಪ್ರಪಂಚದ ಬೇರೆ ಬೇರೆ ಬಂದರುಗಳಲ್ಲಿ ಇದಾರೆ.

ಅದಕ್ಕೇ ಆ ಏಣಿಗೆ ಅಷ್ಟು ನಿಯಮ. ಎರಡು ಮೆಟ್ಟಿಲ ನಡುವೆ 310ರಿಂದ 350 ಮಿಲಿಮೀಟರ್, ನಿಮ್ಮ ಒಂದಡಿ ಸ್ಕೇಲ್‌ಗಿಂತ ಚೂರು ಜಾಸ್ತಿ. ಎಲ್ಲ ಮೆಟ್ಟಿಲೂ ಒಂದೇ ಅಂತರ, ಒಂದೂ ಓರೆ ಆಗಿರಬಾರದು. ಕೆಳಗಿನ ನಾಲ್ಕು ಮೆಟ್ಟಿಲು ರಬ್ಬರಿನವು. ಏಣಿ ತಿರುಚಿಕೊಳ್ಳದ ಹಾಗೆ ನಡುನಡುವೆ ಕನಿಷ್ಠ 1.8 ಮೀಟರ್ ಉದ್ದದ ಅಡ್ಡಪಟ್ಟಿ, ಕೆಳಗಿನಿಂದ ಐದನೆಯದು ಅಂಥದ್ದೇ ಆಗಿರಬೇಕು. ಹತ್ತೋ ಎತ್ತರ 9 ಮೀಟರ್ ದಾಟೋ ಹಾಗಿಲ್ಲ. ಹಡಗು ಅದಕ್ಕಿಂತ ಎತ್ತರ ಇದ್ರೆ ಪಕ್ಕದಲ್ಲಿ ಮೆಟ್ಟಿಲುಸಾಲು ಇಳಿಸಿ ಜೋಡಿಸಿ ಕೊಡಬೇಕು. ಮೇಲೆ ಒಬ್ಬ ಆಫೀಸರ್ ನಿಂತಿರಬೇಕು. ಪಕ್ಕದಲ್ಲಿ ತಾನೇ ಹೊತ್ತಿಕೊಳ್ಳೋ ದೀಪ ಇರೋ ಲೈಫ್‌ಬಾಯ್ ಸಿದ್ಧ ಇರಬೇಕು. ಲೈಫ್‌ಬಾಯ್ ಅಂದ್ರೆ ಸೋಪಲ್ಲ ಕಣ್ರೋ, ಆ ಕಿತ್ತಳೆ ಬಣ್ಣದ ಬಳೆ. ಸೋಪಿಗೆ ಆ ಹೆಸರು ಬಂದದ್ದು ಇದರಿಂದ.

5/9
(ಫೋಟೋ: ಅದೇ ಏಣಿ, ಹತ್ತಿರದಿಂದ. ಮೂರನೇ ಮೆಟ್ಟಿಲು ನೋಡಿ.)

ಭಾವ ಕೆಲಸಕ್ಕೆ ಸೇರಿದ ಹೊಸತು. ಒಂದು ಬಂದರಿನ ಹೊರಗೆ, ಬೆಳಗಿನ ಜಾವ. ಏಣಿ ಇಳಿಸಿದವರಲ್ಲಿ ಅವನೂ ಒಬ್ಬ. ಪೈಲಟ್ ಬೋಟ್ ಬಂತು. ಪೈಲಟ್, ವಯಸ್ಸಾದವರು, ಬೋಟಿನ ಮೇಲೆ ನಿಂತು ಟಾರ್ಚ್ ಬಿಟ್ಟು ಏಣಿಯನ್ನ ಕೆಳಗಿನಿಂದ ಮೇಲಿನ ತನಕ ನೋಡಿದ್ರು. ಒಂದು ಮೆಟ್ಟಿಲು ಓರೆಯಾಗಿತ್ತು. ಒಂದೇ ಒಂದು. ಅವರು ಕೈ ಅಡ್ಡ ಆಡಿಸಿದ್ರು, ಬೋಟ್ ತಿರುಗಿಸಿಕೊಂಡು ದೂರ ಹೋಗಿ ನಿಂತ್ರು.

ಅಷ್ಟೇ. ಕೂಗಾಡಲಿಲ್ಲ, ವಾದ ಮಾಡಲಿಲ್ಲ. ಅಷ್ಟು ದೊಡ್ಡ ಹಡಗು, ಒಳಗೆ ಕೋಟಿಗಟ್ಟಲೆ ಸರಕು, ನಿಂತಷ್ಟು ಹೊತ್ತೂ ಖರ್ಚು. ಎಲ್ಲ ಒಬ್ಬ ಮನುಷ್ಯನ ಕೈಸನ್ನೆಗೆ ಕಾಯ್ತಾ ನಿಂತ್ವು. ಮೇಲಿನ ಆಫೀಸರ್ ಹುಡುಗರಿಗೆ ಬೈದ್ರು. ಏಣಿ ಮೇಲೆಳೆದು ಸ್ಟೋರಿಂದ ಬೇರೆ ಏಣಿ ತಂದು ಕಟ್ಟಿದ್ರು. ಪೈಲಟ್ ವಾಪಸ್ ಬಂದು, ಇನ್ನೊಮ್ಮೆ ಟಾರ್ಚ್ ಬಿಟ್ಟು, ಹತ್ತಿ ಬಂದ್ರು. ಮೇಲೆ ಬಂದು ಕೈ ಒರೆಸ್ಕೋತಾ ಭಾವನನ್ನ ಕೇಳಿದ್ರಂತೆ, "ನೀನೇ ಏನಪ್ಪ ಕಟ್ಟಿದ್ದು?" ಇವನು ಹೆದರ್ತಾ ಹೌದು ಸಾರ್ ಅಂದ. "ಚೆನ್ನಾಗಿ ಕಟ್ಟಿದ್ದೀಯ" ಅಂದು ಬ್ರಿಡ್ಜ್ ಕಡೆ ಹೋದ್ರು.

ಇದನ್ನ ಕೇಳಿದಾಗಿನಿಂದ ನನಗೆ ಒಂದೇ ಯೋಚನೆ. ನಿಯಮ ಪುಸ್ತಕದಲ್ಲಿ ಇತ್ತು. ಆ ಏಣಿ ಯಾವುದೋ ಕಾಲದಲ್ಲಿ ಪರೀಕ್ಷೆ ಪಾಸಾಗಿತ್ತು, ಸರ್ಟಿಫಿಕೇಟ್ ಫೈಲಲ್ಲಿತ್ತು. ಆದ್ರೂ ಓರೆ ಮೆಟ್ಟಿಲು ಸರಿಯಾದದ್ದು ಯಾವಾಗ? ಹತ್ತಬೇಕಾದ ಮನುಷ್ಯ "ಹತ್ತಲ್ಲ" ಅಂದಾಗ. ಪೈಲಟ್‌ಗಳ ಅಂತರರಾಷ್ಟ್ರೀಯ ಸಂಘ ವರ್ಷವರ್ಷವೂ ಏಣಿಗಳ ಸಮೀಕ್ಷೆ ಮಾಡುತ್ತೆ. ಈಗಲೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏಣಿ ನಿಯಮದ ಪ್ರಕಾರ ಇರಲ್ಲ ಅಂತ ಗೊತ್ತಾಗ್ತಾ ಬಂದಿದೆ. ನಿಯಮ ಬರೆದು ಇಷ್ಟು ವರ್ಷ ಆದ ಮೇಲೂ!

ಹಂಗಾಗಿ ನನ್ನ ವಾದ ಇಷ್ಟೇ. ಸುರಕ್ಷತೆ ಸಾಮಾನು ಇಟ್ಕೊಳ್ಳೋದು ಹಡಗಿನವರ ಕೆಲಸ, ದೋಣಿಯವರ ಕೆಲಸ, ಸರ್ಕಾರದ ಕೆಲಸ, ಎಲ್ಲ ಸರಿ. ಆದ್ರೆ ಅದು ಇಲ್ಲದಿದ್ರೆ ಹತ್ತದೇ ಇರೋದು ಹತ್ತೋರ ಕೆಲಸ. ಅದನ್ನ ನಮ್ಮ ಪರವಾಗಿ ಬೇರೆ ಯಾರೂ ಮಾಡೋಕಾಗಲ್ಲ. ಮೂವತ್ತು ವರ್ಷ ಅನುಭವ ಇರೋ ಪೈಲಟ್‌ಗೆ ಟಾರ್ಚ್ ಹಾಕಿ ನೋಡೋಕೆ ನಾಚಿಕೆ ಇಲ್ಲ. ಈಜೋಕೂ ಬರದ ನಮಗೆ ಯಾಕೆ?

6/9
(ಫೋಟೋ: ನಮ್ಮನೆ ಟಾರ್ಚ್. ಅಜ್ಜನ ಕಾಲದ್ದು, ಮೂರು ಸೆಲ್.)

ದೀಪದ ಕಥೆ ಸ್ವಲ್ಪ ಉದ್ದ, ಆದ್ರೆ ನನಗೆ ಇಷ್ಟ.

150 ಟನ್ ಮೇಲಿನ, ದೇಶದಿಂದ ದೇಶಕ್ಕೆ ಹೋಗೋ ಹಡಗಲ್ಲಿ ಹಗಲೂ ರಾತ್ರಿ ಬೆಳಕಿಂದ ಸಂದೇಶ ಕೊಡೋ ಸಿಗ್ನಲ್ ದೀಪ ಒಂದು ಇರಲೇಬೇಕು. ಅದಕ್ಕೊಂದು ಷರತ್ತು: ಅದು ಹಡಗಿನ ಮುಖ್ಯ ಕರೆಂಟನ್ನೇ ನಂಬಿಕೊಂಡಿರಬಾರದು. ಬ್ಯಾಟರಿನೋ ಏನೋ ಬೇರೆ ದಾರಿ ಇರಬೇಕು. ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇಟ್ಕೊಂಡು, ಮೋಡ ಕವಿದ ತಕ್ಷಣ ಸೀಮೆಎಣ್ಣೆ ಬುಡ್ಡಿ ಹುಡುಕಿದ ಜಿಲ್ಲೆ ನಮ್ಮದು. ಎಲ್ಲ ಕೆಟ್ಟಾಗ ಬೇಕಾಗೋ ಸಾಮಾನು, ಎಲ್ಲದರ ಜೊತೆಗೇ ಕೆಡಬಾರದು.

ಈಗ ಸ್ಯಾಟಲೈಟ್ ಇದೆ, ರೇಡಿಯೋ ಇದೆ. ಮಾರ್ಸ್ ಕಟ್ಟಕಟೆ ಭಾಷೆಯಲ್ಲಿ ಅಪಾಯದ ಕರೆ ಕೊಡೋ ಹಳೇ ರೇಡಿಯೋ ವ್ಯವಸ್ಥೆ ಹೋಗಿ, 1999ರ ಫೆಬ್ರವರಿಯಿಂದ ಪೂರ್ತಿ ಹೊಸದು ಬಂತು. ಆದ್ರೂ ಆ ದೀಪವನ್ನ ಪುಸ್ತಕದಿಂದ ತೆಗೀಲಿಲ್ಲ.

ಮತ್ತೆ ಟೈಟಾನಿಕ್‌ಗೆ ಬರ್ತೀನಿ, ಹೆಸರಿಟ್ಟವನ ಋಣ. ಆ ರಾತ್ರಿ ಹತ್ತಿರದಲ್ಲಿ ಕ್ಯಾಲಿಫೋರ್ನಿಯನ್ ಅನ್ನೋ ಹಡಗು ಮಂಜುಗಡ್ಡೆ ನೋಡಿ ನಿಂತಿತ್ತು. ಅದರ ರೇಡಿಯೋದವನು ಮಲಗಿಬಿಟ್ಟಿದ್ದ. ಡೆಕ್ ಮೇಲಿದ್ದ ಆಫೀಸರ್‌ಗಳಿಗೆ ದೂರದಲ್ಲಿ ಒಂದು ಹಡಗು ಕಂಡಿತು. ದೀಪ ಮಿಣಮಿಣ ಮಾಡಿ ಮಾತಾಡಿಸೋಕೆ ನೋಡಿದ್ರು, ಉತ್ತರ ಸಿಗಲಿಲ್ಲ. ಆಮೇಲೆ ಆಕಾಶದಲ್ಲಿ ಬಿಳೀ ರಾಕೆಟ್ ಕಂಡವು. ಕ್ಯಾಪ್ಟನ್‌ಗೆ ತಿಳಿಸಿದ್ರು. ಆದ್ರೂ ಆ ರೇಡಿಯೋದವನನ್ನ ಎಬ್ಬಿಸಿದ್ದು ಬೆಳಗಾಗೋ ಹೊತ್ತಿಗೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ದೀಪ ಇತ್ತು, ರಾಕೆಟ್ ಇತ್ತು, ನೋಡೋ ಕಣ್ಣೂ ಇದ್ವು. "ಎಬ್ಬಿಸ್ರಪ್ಪ ಅವನ್ನ" ಅಂತ ಪಟ್ಟು ಹಿಡಿಯೋ ಒಬ್ಬ ಇರಲಿಲ್ಲ.

ನಾವು ಹೋಗ್ತಿರೋ ಮಲ್ಪೆಯದೇ ಒಂದು ಹೇಳ್ತೀನಿ. 2018ರ ಡಿಸೆಂಬರ್‌ನಲ್ಲಿ ಅಲ್ಲಿಂದ ಸುವರ್ಣ ತ್ರಿಭುಜ ಅನ್ನೋ ಮೀನುಗಾರಿಕೆ ಬೋಟ್ ಹೊರಟಿತು, ಏಳು ಜನ ಇದ್ರು. ಎರಡು ಮೂರು ದಿನಕ್ಕೆ ಸಂಪರ್ಕ ತಪ್ಪಿತು. ತಿಂಗಳುಗಟ್ಟಲೆ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. 2019ರ ಮೇನಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲ್ವಣ್ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿತು. ಏಳೂ ಜನ ಬರಲಿಲ್ಲ. ಆ ಮನೆಯವರು ಐದು ತಿಂಗಳು ಬಾಗಿಲು ನೋಡ್ತಾ ಕೂತಿದ್ದನ್ನ ನೆನೆಸ್ಕೊಳ್ಳಿ. "ನಾನು ಇಲ್ಲಿದೀನಿ" ಅಂತ ಹೇಳೋ ಒಂದು ಬೆಳಕು, ಒಂದು ಸಿಗ್ನಲ್ ಅಂದ್ರೆ ಎಷ್ಟು ಅಂತ ಆಗ ಗೊತ್ತಾಗುತ್ತೆ.

(ಫೋನ್ ಟಾರ್ಚಲ್ಲಿ ಬೇಕಾದ್ರೆ ಈಗಲೇ ಕಲೀರಿ: ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ತಮಾಷೆಗೆ ಹೆದ್ದಾರಿ ಲಾರಿಗಳ ಕಡೆ ಹಾಕಬೇಡಿ ಅಷ್ಟೇ.)

7/9
(ಫೋಟೋ ಇಲ್ಲ. ಇದಕ್ಕೆ ಹಾಕೋಕೆ ಮನಸ್ಸಾಗಲಿಲ್ಲ, ಕಪ್ಪು ಚೌಕ.)

2019ರ ಜನವರಿ 21. ಕಾರವಾರದ ಹತ್ರ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ದೋಣಿ ಮಗುಚಿತು. 16 ಜನ ಸತ್ರು, ಮಕ್ಕಳೂ ಇದ್ರು. ಬಹಳ ಜನ ಲೈಫ್ ಜಾಕೆಟ್ ಹಾಕಿರಲಿಲ್ಲ ಅಂತ ಆಗಿನ ವರದಿಗಳಲ್ಲಿದೆ. ನನಗೆ ಇದನ್ನ ಓದಿದಾಗ ಎದೆಗೆ ನಾಟಿದ್ದು ಬೇರೆ ವಿಷಯ. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯವರು. ಹಾವೇರಿ! ಮೆಕ್ಕೆಜೋಳ, ಹತ್ತಿ ಬೆಳೆಯೋ ಜನ. ನಮ್ಮ ಹಾಗೇ ಕಡಲು ಕಾಣದವರು, ದೇವರ ದರ್ಶನಕ್ಕೆ ಅಂತ ಮನೆಮಂದಿಯೆಲ್ಲ ಹೊರಟು ಬಂದವರು.

ಕರಾವಳಿ ಮಕ್ಕಳಿಗೆ ಅಲೆ ನೋಡಿದ್ರೆ ಇವತ್ತು ಬೇಡ ಅಂತ ಗೊತ್ತಾಗುತ್ತೆ. ನಮಗೆ ಗೊತ್ತಾಗಲ್ಲ. ನಮಗೆ ಎಲ್ಲ ಅಲೆನೂ ಚೆಂದ.

2023ರ ಮೇ 7, ಕೇರಳದ ತಾನೂರು: ಮೀನು ಹಿಡಿಯೋ ಬೋಟನ್ನ ಪ್ರವಾಸಿ ಬೋಟ್ ಮಾಡಿದ್ರು, ಮಿತಿ ಮೀರಿ ತುಂಬಿಸಿದ್ರು, 22 ಜನ ಹೋದ್ರು. 2024ರ ಡಿಸೆಂಬರ್ 18, ಮುಂಬೈ: ಎಲಿಫೆಂಟಾಗೆ ಹೊರಟ ಪ್ರವಾಸಿಗರ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಗುದ್ದಿತು. ಅಲ್ಲೂ ಜಾಕೆಟ್ ಹಾಕದವರೇ ಹೆಚ್ಚು. ಅದಾದ ಮೇಲೆ ಗೇಟ್‌ವೇ ಹತ್ರ ಜಾಕೆಟ್ ಕಡ್ಡಾಯ ಮಾಡಿದ್ರು. ಎಲ್ಲ ಆದ ಮೇಲೆ.

ಉಳಿದವರದೂ ಹೇಳಬೇಕು, ಬರೀ ಸಾವೇ ಹೇಳಿದ್ರೆ ಸುಳ್ಳಾಗುತ್ತೆ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ರ ಪ್ರಿನ್ಸೆಸ್ ಮಿರಾಲ್ ಅನ್ನೋ ಸರಕು ಹಡಗು ಕೆಟ್ಟು ಮುಳುಗುವ ಸ್ಥಿತಿಗೆ ಬಂತು. ಅದರಲ್ಲಿದ್ದ 15 ಜನ ಸಿರಿಯಾದವರನ್ನೂ ನಮ್ಮ ಕೋಸ್ಟ್ ಗಾರ್ಡ್‌ನವರು ಕರ್ಕೊಂಡು ಬಂದ್ರು. 2025ರ ಜೂನ್ 9ರಂದು ಕೇರಳದಾಚೆ ಸಮುದ್ರದಲ್ಲಿ ವಾನ್ ಹೈ 503 ಅನ್ನೋ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಇದ್ದ 22 ಜನರಲ್ಲಿ 18 ಜನ ಹಡಗು ಬಿಟ್ಟು ನೀರಿಗಿಳಿದು ಬದುಕಿ ಬಂದ್ರು. ನಾಲ್ವರು ನಾಪತ್ತೆ. ಆ 18 ಜನರನ್ನ ನೌಕಾಪಡೆ ತಂದು ಇಳಿಸಿದ್ದು ಎಲ್ಲಿಗೆ? ನಮ್ಮ ಮಂಗಳೂರಿಗೆ. ಉರೀತಿರೋ ಹಡಗಿಂದ ಜೀವಂತ ಇಳಿಯೋದು ಅದೃಷ್ಟ ಅಷ್ಟೇ ಅಲ್ಲ. ಬೋಟು, ಜಾಕೆಟ್ಟು ಎಲ್ಲಿದೆ, ಹೆಂಗೆ ಇಳಿಸೋದು ಅಂತ ಹಡಗಲ್ಲಿ ತಿಂಗಳು ತಿಂಗಳೂ ಡ್ರಿಲ್ ಮಾಡಿಸ್ತಾರೆ. ಭಾವ ಅದನ್ನ ಬೈಕೊಂಡೇ ಮಾಡ್ತಾನೆ, ಭಾನುವಾರ ಬಿಡಲ್ಲ ಅಂತ.

8/9
(ಫೋಟೋ: ನಮ್ಮ ತೋಟದ ಹಳೇ ಬಾವಿ. ಈಗ ಕಸ ತುಂಬಿದೆ.)

ಗ್ರೂಪಲ್ಲಿ ಬಂದ ಉತ್ತರಗಳು. ಒಂದು, "ಬರೀ ಸ್ವಲ್ಪ ದೂರ ಕಣೇ." ಮುಳುಗೋಕೆ ಎಷ್ಟು ದೂರ ಬೇಕು? ಎರಡು, "ಫೋಟೋ ಹಾಳಾಗುತ್ತೆ." ಇದು ನನಗೂ ಅನ್ನಿಸುತ್ತೆ, ಸುಳ್ಳು ಹೇಳಲ್ಲ. ಹೊಸ ಡ್ರೆಸ್ ಮೇಲೆ ಆ ಕಿತ್ತಳೆ ಮೂಟೆ ಯಾರಿಗೆ ಬೇಕು. ದ್ವೀಪದಲ್ಲಿ ಇಳಿದ ಮೇಲೆ ಕಳಚಿ, ಸಾವಿರ ಫೋಟೋ ತೆಗೀರಿ, ನಾನೇ ತೆಗೀತೀನಿ. ಮೂರು, "ಹಣೆಬರಹದಲ್ಲಿ ಇದ್ದದ್ದು ತಪ್ಪಲ್ಲ." ಇದನ್ನ ಹೇಳಿದವನು ಎಗ್ಜಾಮ್ ಹಿಂದಿನ ದಿನ ನನ್ನ ನೋಟ್ಸ್ ಕೇಳ್ತಾನೆ.

ಹೆಲ್ಮೆಟ್ ವಿಷಯದಲ್ಲೂ ನಾವು ಇದೇ ತಾನೇ ಮಾಡೋದು. ಹೆದ್ದಾರಿಯಲ್ಲಿ ಅಷ್ಟೊಂದು ಲಾರಿ ಓಡಾಡ್ತವೆ, ನಮ್ಮ ಹುಡುಗರ ಹೆಲ್ಮೆಟ್ ಪೆಟ್ರೋಲ್ ಟ್ಯಾಂಕ್ ಮೇಲೆ ಕೂತಿರುತ್ತೆ, ಪೊಲೀಸ್ ಕಂಡ್ರೆ ತಲೆಗೆ ಏರುತ್ತೆ. ದೋಣಿ ಮೂಲೆಯಲ್ಲಿ ಕಟ್ಟಿಟ್ಟ ಜಾಕೆಟ್ ಗಂಟು ಅದರ ಅಣ್ಣ. ಇನ್‌ಸ್ಪೆಕ್ಷನ್‌ಗೆ ಇದೆ, ಮೈಮೇಲಿಲ್ಲ.

ದೋಣಿಯವರನ್ನೇ ಪೂರ್ತಿ ಬೈಯೋದೂ ಸರಿಯಲ್ಲ. ಕೊಟ್ಟ ಜಾಕೆಟ್ಟನ್ನ ಮೂಗು ಮುಚ್ಕೊಂಡು ವಾಪಸ್ ಎಸೆಯೋರು, ಅದರ ಮೇಲೆ ಕೂತು ಕುರ್ಕುರೆ ತಿನ್ನೋರು ನಾವೇ. ಸೀಸನ್ ಇರೋದು ಕೆಲವೇ ತಿಂಗಳು, ಮಳೆಗಾಲ ಪೂರ್ತಿ ದೋಣಿ ದಡದಲ್ಲಿ. ಅಷ್ಟರಲ್ಲಿ ವರ್ಷದ ದುಡಿಮೆ ಆಗಬೇಕು. "ಹಾಕ್ಕೊಳ್ಳಿ" ಅಂತ ಗದರಿಸಿದ್ರೆ ಪಕ್ಕದ ದೋಣಿಗೆ ಹೋಗ್ತಾರೆ ಅನ್ನೋ ಭಯ. ನಾವೇ ಕೇಳಿ ಹಾಕ್ಕೊಂಡ್ರೆ ಅವರಿಗೂ ಹಗುರ.

ಇನ್ನೊಂದು. ಇದೇನೋ ಫಾರಿನ್ ಭಯ ಅಂತ ಅಜ್ಜನ ಹತ್ರ ಹೇಳಿದ್ರೆ ಒಪ್ಪಲ್ಲ. ಅಜ್ಜನ ಕಾಲದಲ್ಲಿ ಈ ಬಾವಿ ತುಂಬಿರ್ತಿತ್ತಂತೆ. ಊರ ಹುಡುಗರಿಗೆಲ್ಲ ಈಜು ಕಲಿಸ್ತಿದ್ದದ್ದು ಇಲ್ಲೇ, ಬೆನ್ನಿಗೆ ಬೆಂಡು ಕಟ್ಟಿ. ಒಣಗಿದ ಕತ್ತಾಳೆ ಬೊಡ್ಡೆ ಕೊಯ್ದು ಹಗ್ಗದಲ್ಲಿ ಬಿಗಿದು, ಎಳೆದು ನೋಡಿ, ಆಮೇಲೇ ದೂಡೋದು. ಬೆಂಡು ಸಡಿಲ ಇದ್ರೆ ಅಜ್ಜ ಮೆಟ್ಟಿಲ ಮೇಲೆ ನಿಲ್ಲಿಸಿಬಿಡ್ತಿದ್ದ, ಎಷ್ಟೇ ಅತ್ರೂ ನೀರಿಗಿಳಿಸ್ತಿರಲಿಲ್ಲ. ಬೆಂಡು ಕಟ್ಟಿಕೊಂಡವನನ್ನ ಯಾರೂ ಆಂಟಿ ಅಂತಿರಲಿಲ್ಲ. ಸೋಲಾಸ್ ಓದದ ಅಜ್ಜನಿಗೆ ಅಳತೆ ಗೊತ್ತಿತ್ತು: ಸಣ್ಣ ಹುಡುಗನಿಗೆ ಇಷ್ಟು ಬೊಡ್ಡೆ, ದೊಡ್ಡವನಿಗೆ ಇಷ್ಟು ಅಂತ.

ಬಾವಿಗಳು ಬತ್ತಿ ಬೋರ್‌ವೆಲ್ ಬಂದ್ವು. ನಮ್ಮ ಪೀಳಿಗೆಗೆ ಈಜೂ ಹೋಯ್ತು, ಬೆಂಡೂ ಹೋಯ್ತು. 2022ರ ಮಳೆಗೆ ನಮ್ಮ ಕಡೆ ಕೆರೆಗಳು ಕೋಡಿ ಬಿದ್ದಾಗ ಎಲ್ಲರೂ ಸೆಲ್ಫಿಗೆ ಓಡಿದ್ವಲ್ಲ, ಎಷ್ಟು ಜನಕ್ಕೆ ಈಜು ಬರ್ತಿತ್ತು? ನನ್ನ ತಮ್ಮ ಲಾರಿ ಟ್ಯೂಬ್ ಮೇಲೆ ಕೂತು ಕೆರೆ ಒಳಗೆ ಹೋಗಿ, ಟ್ಯೂಬಿಂದ ಜಾರಿದ. ದಡದಲ್ಲಿ ಎಮ್ಮೆ ಮೈ ತೊಳೀತಿದ್ದ ಒಬ್ಬರು ಎಮ್ಮೆ ಹಗ್ಗ ಬಿಚ್ಚಿ ಎಸೆದ್ರು, ಅದು ಅವನ ಕೈಗೆ ಸಿಕ್ಕಿತು. ನಾನು ಏರಿ ಮೇಲೆ ಫೋನ್ ಹಿಡ್ಕೊಂಡು ನಿಂತಿದ್ದೆ. ವಿಡಿಯೋ ಆನ್ ಇತ್ತು. ಅದನ್ನ ಆವತ್ತೇ ಡಿಲೀಟ್ ಮಾಡಿದೆ, ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಅಮ್ಮ ಈ ಅಕೌಂಟ್ ನೋಡಲ್ಲ.

9/9
(ಫೋಟೋ: ನನ್ನ ನೋಟ್‌ಬುಕ್ಕಿನ ಹಾಳೆ.)

ದೊಡ್ಡ ಹಡಗಿನ ಪುಸ್ತಕ ನಾವು ಹತ್ತೋ ಪ್ರವಾಸಿ ದೋಣಿಗೆ ಇಡಿಯಾಗಿ ಅನ್ವಯಿಸಲ್ಲ, ಅದಕ್ಕೆ ಬೇರೆ ನಿಯಮ, ಬೇರೆ ಅಧಿಕಾರಿಗಳು. ಇದು ನನಗೂ ಗೊತ್ತು, ಗ್ರೂಪಲ್ಲಿ ಲಾಯರ್ ಆಗಬೇಡಿ. ನೀರಿಗೆ ಮಾತ್ರ ದೋಣಿ ದೊಡ್ಡದೋ ಚಿಕ್ಕದೋ ಗೊತ್ತಾಗಲ್ಲ.

ಮಲ್ಪೆಯಲ್ಲಿ ದಡದ ಮೇಲೆ ನಿಂತು ನಾನು ನೋಡೋದು ಇಷ್ಟು. ದೋಣಿ ಮೇಲೆ ಎಷ್ಟು ಜನ ಅಂತ ಬರೆದಿದೆ, ನಾವು ಎಷ್ಟು ಜನ ಹತ್ತಿದೀವಿ. ಜಾಕೆಟ್ ಎಲ್ಲರಿಗೂ ಇದೆಯಾ. ಕ್ಲಿಪ್ ಹಾಕಿ, ಭುಜದ ಹತ್ರ ಹಿಡಿದು ಮೇಲಕ್ಕೆಳೆದ್ರೆ ಕಿವಿ ದಾಟುತ್ತಾ. ದಾಟಿದ್ರೆ ಅದು ನನ್ನದಲ್ಲ, ಬೇರೆ ಕೊಡಿ. ವಿಷಲ್ ಇದ್ರೆ ಒಂದ್ಸಲ ಊದಿ ನೋಡೋದು (ಒಂದೇ ಸಲ, ಪ್ಲೀಸ್). ಬಳೆ ಎಲ್ಲಿ ನೇತು ಹಾಕಿದಾರೆ, ಅದಕ್ಕೆ ಹಗ್ಗ ಇದೆಯಾ. ದೋಣಿಗೆ ಹತ್ತೋ ಮೆಟ್ಟಿಲು ಅಲ್ಲಾಡುತ್ತಾ. ಐದು ನಿಮಿಷದ ಕೆಲಸ. ನೀವು ರೀಲ್ಸ್‌ಗೆ ಹಾಡು ಹುಡುಕೋ ಹೊತ್ತಿಗಿಂತ ಕಮ್ಮಿ.

ನಮ್ಮ ಮೇಡಂ ಮಗಳು ಒಂದನೇ ಕ್ಲಾಸು, ಅವಳೂ ಬರ್ತಾಳೆ. ಹಡಗಿನ ನಿಯಮದಲ್ಲಿ ಪ್ರಯಾಣಿಕರ ಸಂಖ್ಯೆಯ ನೂರಕ್ಕೆ ಹತ್ತರಷ್ಟಾದ್ರೂ ಮಕ್ಕಳ ಜಾಕೆಟ್ ಇರಬೇಕು, ಮಕ್ಕಳು ಜಾಸ್ತಿ ಇದ್ರೆ ಒಬ್ಬೊಬ್ಬರಿಗೂ ಒಂದು. ದೊಡ್ಡವರ ಜಾಕೆಟ್ಟಲ್ಲಿ ಅವಳು ಗೋಣಿಚೀಲದೊಳಗಿನ ಕಡಲೆಕಾಯಿ. ಹಾಗಾಗಿ ನಿನ್ನೆ ಮೇಡಂ ಹತ್ರ ಮಾತಾಡಿದೆ. ಅವರು ನಗಲಿಲ್ಲ. "ಪಟ್ಟಿ ಮಾಡಿ ಕೊಡು, ಬುಕಿಂಗ್‌ನವರಿಗೆ ನಾನೇ ಫೋನ್ ಮಾಡ್ತೀನಿ" ಅಂದ್ರು.

ಆ ಪಟ್ಟಿಯೇ ಈ ಹಾಳೆ. 43 ಕೆ.ಜಿ. ಒಳಗಿರೋರು ಹೆಸರು ಕಳಿಸಿ, ತೂಕ ನಾನು ಯಾರಿಗೂ ಹೇಳಲ್ಲ. ಸದ್ಯಕ್ಕೆ ಎರಡು ಹೆಸರಿದೆ: ನಾನು, ಮೇಡಂ ಮಗಳು. ದುಡ್ಡು ಕಟ್ಟೋಕೆ ಶುಕ್ರವಾರ ಕೊನೆ ದಿನ, ನಾನು ಕಟ್ಟಿದೀನಿ. ಅಲ್ಲಿ ಹೋದ ಮೇಲೆ ಜಾಕೆಟ್ ಸಾಲದೇ ಬಂದ್ರೆ ನಾನು ದಡದಲ್ಲಿ ಕೂತು ಚುರುಮುರಿ ತಿಂತಾ ನಿಮ್ಮ ಬ್ಯಾಗ್ ಕಾಯ್ತೀನಿ. ಜೊತೆಗೆ ಕೂರೋರು ಇದ್ರೆ ಅದನ್ನೂ ಈಗಲೇ ಹೇಳಿ, ಚುರುಮುರಿ ನನ್ನ ಕಡೆಯಿಂದ.

#ತಾವರೆಕೆರೆ #ಶಿರಾ #ಹತ್ತಲ್ಲ #ಬೆಂಡು #ಟೈಟಾನಿಕ್_ಆಂಟಿ